ಜಾರ್ಜ್ ಗ್ರೋಸ್ಮಿತ್: ಸವಾಯ್ ಥಿಯೇಟರಿನ ಹಾಸ್ಯಗಾಯಕನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೀತ? ಹೆಸರೇ ಕೇಳಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿ.

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಡಬ್ಲ್ಯೂ. ಎಸ್. ಗಿಲ್ಬರ್ಟ್ ಬರೆದು ಆರ್ಥರ್ ಸಲಿವನ್ ಸಂಗೀತ ಕಟ್ಟಿದ ಹಾಸ್ಯ ಆಪೆರಾಗಳಲ್ಲಿ (ಹಾಡೇ ಮುಖ್ಯವಾದ ನಾಟಕಗಳಲ್ಲಿ) ಮುಖ್ಯ ಹಾಸ್ಯಪಾತ್ರಗಳನ್ನು ಮೊಟ್ಟಮೊದಲು ಆಡಿದ ನಟ, ಗಾಯಕ. 1847ರ ಡಿಸೆಂಬರ್ 9ರಂದು ಲಂಡನ್ನಿನ ಇಸ್ಲಿಂಗ್‌ಟನ್‌ನಲ್ಲಿ ಹುಟ್ಟಿದ. 1912ರ ಮಾರ್ಚ್ 1ರಂದು ಕೆಂಟ್ ಕರಾವಳಿಯ ಫೋಕ್‌ಸ್ಟನ್‌ನಲ್ಲಿ ತೀರಿಕೊಂಡ. ಇಂದಿಗೂ ಜನ ಅವನನ್ನು ನೆನೆಯುವುದು ಸವಾಯ್ ಥಿಯೇಟರಿನ ಹೆಸರಿನ ಜೊತೆಗೆ. ಆದರೆ ಲೆಕ್ಕ ಹಾಕಿದರೆ ಈ ಆಪೆರಾಗಳನ್ನು ಆಡಿಸುತ್ತಿದ್ದ ಡಾಯ್ಲಿ ಕಾರ್ಟ್ ಕಂಪನಿಯಲ್ಲಿ ಅವನು ಇದ್ದದ್ದು 1877ರ ನವೆಂಬರಿನಿಂದ 1889ರ ಆಗಸ್ಟ್‌ವರೆಗೆ, ಅಂದರೆ ಹನ್ನೆರಡು ವರ್ಷಕ್ಕೂ ಕಡಿಮೆ. ಅದಕ್ಕೆ ಮೊದಲೂ ಆಮೇಲೂ ಅವನಿಗೆ ಅನ್ನ ಕೊಟ್ಟದ್ದು ಪಿಯಾನೋ. ಈ ಒಂದು ವಿಷಯ ತಲೆಯಲ್ಲಿದ್ದರೆ ಅವನ ಬದುಕಿನ ಬಹಳಷ್ಟು ನಿರ್ಧಾರಗಳು ಸುಲಭವಾಗಿ ಅರ್ಥವಾಗುತ್ತವೆ.

ಹಳೆಯ ಪೋಸ್ಟರುಗಳಲ್ಲಿ 'ಜೂನಿಯರ್' ಎಂದಿದೆಯಲ್ಲ, ಅದು ಇವನೋ ಇವನ ಮಗನೋ?

ಪೋಸ್ಟರಿನ ಇಸವಿ ನೋಡಿ. ಈ ಮನೆಯಲ್ಲಿ ಮೂವರು ಜಾರ್ಜ್ ಗ್ರೋಸ್ಮಿತ್‌ಗಳಿದ್ದರು. ತಂದೆ (1820–1880) ಲಂಡನ್ನಿನ ಬೋ ಸ್ಟ್ರೀಟ್ ಕೋರ್ಟಿನಿಂದ 'ದಿ ಟೈಮ್ಸ್' ಪತ್ರಿಕೆಗೆ ವರದಿ ಬರೆಯುತ್ತಿದ್ದ, ಊರೂರು ಸುತ್ತಿ ಹಾಸ್ಯ ಉಪನ್ಯಾಸ ಕೊಡುತ್ತಿದ್ದ. ಅವನು ಬದುಕಿರುವವರೆಗೆ 'ಜೂನಿಯರ್' ಎಂದರೆ ನಮ್ಮ ಗಾಯಕ. 1880ರ ನಂತರ ಆ ಪದ ಇವನ ಮಗನಿಗೆ (1874–1935) ಹೋಯಿತು. ಮಗ ಮುಂದೆ ಎಡ್ವರ್ಡಿಯನ್ ಕಾಲದ (1900ರ ದಶಕದ) ಮ್ಯೂಸಿಕಲ್ ಕಾಮಿಡಿಗಳಲ್ಲಿ ದೊಡ್ಡ ಹೆಸರು ಮಾಡಿದ. ಹೀಗಾಗಿ 1878ರ 'ಪಿನಾಫೋರ್' ಆಪೆರಾದ ಹಸ್ತಪತ್ರಿಕೆಯ ಜೂನಿಯರ್ ಬೇರೆ, 1895ರ ಹಸ್ತಪತ್ರಿಕೆಯ ಜೂನಿಯರ್ ಬೇರೆ. ಹಳೆಯ ಹಾಡಿನ ಪುಸ್ತಕ, ಕಾರ್ಡು ಸಂಗ್ರಹಿಸುವವರು ಇಲ್ಲೇ ಹೆಚ್ಚಾಗಿ ಎಡವುವುದು. ಇನ್ನು ವೀಡನ್ ಗ್ರೋಸ್ಮಿತ್ (1854–1919) ಇವನ ತಮ್ಮ. ಮೊದಲು ಚಿತ್ರಕಾರ, ಆಮೇಲೆ ನಟ.

ಸಂಗೀತ ಎಲ್ಲಿ ಕಲಿತ?

ಪಿಯಾನೋ ಶಾಲೆಯಲ್ಲಿ ಕಲಿತದ್ದು. ಹುಡುಗನಾಗಿದ್ದಾಗ ಕಿವಿಯಿಂದಲೇ ಹಿಡಿದು ನುಡಿಸುತ್ತಿದ್ದ. ಹರೆಯದಲ್ಲಿ ತಂದೆಯ ಬದಲಿಗೆ ಬೋ ಸ್ಟ್ರೀಟ್ ಕೋರ್ಟಿನಲ್ಲಿ ಕೂತು ವರದಿ ಬರೆದ. ಕುಡುಕರು, ಜೇಬುಗಳ್ಳರು, ಪೊಲೀಸರು, ಸಿಡುಕುವ ಮ್ಯಾಜಿಸ್ಟ್ರೇಟರು, ಇವರೆಲ್ಲ ಮಾತಾಡುವ ರೀತಿಯನ್ನು ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳುವ ಕೆಲಸ ಅದು. ಅನುಕರಣೆಯ ಕಲೆಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ? 1870ರಲ್ಲಿ ರೀಜೆಂಟ್ ಸ್ಟ್ರೀಟಿನ ಪಾಲಿಟೆಕ್ನಿಕ್‌ನಲ್ಲಿ ಮೊದಲ ಬಾರಿ ಸಂಬಳಕ್ಕೆ ಕಾರ್ಯಕ್ರಮ ಕೊಟ್ಟ. 1873ರಲ್ಲಿ ಎಮಲೀನ್ ರೋಸಾ ನಾಯ್ಸ್‌ಳನ್ನು ಮದುವೆಯಾದ. ನಾಲ್ವರು ಮಕ್ಕಳು.

ದನಿ ಅಷ್ಟೇನೂ ದೊಡ್ಡದಲ್ಲ ಎನ್ನುತ್ತಾರೆ. ಹಾಗಾದರೆ ಆಪೆರಾ ಕಂಪನಿಗೆ ಹೇಗೆ ಸೇರಿಸಿಕೊಂಡರು?

ದೊಡ್ಡ ದನಿ ಅಲ್ಲವೇ ಅಲ್ಲ. ಹಗುರ ಬ್ಯಾರಿಟೋನ್ (ಗಂಡಸಿನ ನಡುಮಟ್ಟದ ದನಿ), ಆಳೂ ಸಣಕಲು. 1877ರಲ್ಲಿ ಸಲಿವನ್ ತಾನೇ ಕಾಗದ ಬರೆದು 'ದಿ ಸಾರ್ಸರರ್' ಆಪೆರಾದಲ್ಲಿ ಪಾತ್ರ ಮಾಡುತ್ತೀಯಾ ಎಂದು ಕೇಳಿದ. ಪರೀಕ್ಷೆ ನಡೆದ ರೀತಿಯನ್ನು ಗ್ರೋಸ್ಮಿತ್ 1888ರ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸಲಿವನ್ ಪಿಯಾನೋದ ಒಂದು ಸ್ವರ ಒತ್ತಿ, ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಹಾಡು ಎಂದ. ಇವನು ಹಾಡಿದ. ಸಲಿವನ್ ನಗು ತಡೆದುಕೊಂಡು 'ಸೊಗಸು' ಎಂದ. ಆಮೇಲೆ ಮಾಂತ್ರಿಕನ ಪಟಪಟ ಹಾಡನ್ನು ತಾನೇ ಹಾಡಿ ತೋರಿಸಿ, ಇಷ್ಟು ಬಂದರೆ ಮಿಕ್ಕದ್ದೆಲ್ಲ ಬಂದಂತೆ ಎಂದ.

ಗ್ರೋಸ್ಮಿತ್‌ಗೇ ಅನುಮಾನವಿತ್ತು. ಈ ಪಾತ್ರಕ್ಕೆ ಒಳ್ಳೆಯ ಮೈಕಟ್ಟು, ಒಳ್ಳೆಯ ದನಿ ಇರುವ ಗಂಡಸು ಬೇಕಲ್ಲವೇ ಎಂದು ಗಿಲ್ಬರ್ಟನನ್ನು ಕೇಳಿದಾಗ, ನಮಗೆ ಬೇಡವಾದದ್ದೇ ಅದು ಎಂಬ ಉತ್ತರ ಬಂತು. ಕಂಪನಿಗೆ ದುಡ್ಡು ಹಾಕಿದವರಿಗೆ ಈ ಆಯ್ಕೆ ಸ್ವಲ್ಪವೂ ಹಿಡಿಸಲಿಲ್ಲ. ಏನು ಮಾಡಿದರೂ ಗ್ರೋಸ್ಮಿತ್‌ನನ್ನು ಮಾತ್ರ ತೆಗೆದುಕೊಳ್ಳಬೇಡಿ ಎಂದು ತಂತಿ ಕಳಿಸಿದರು. ವ್ಯವಸ್ಥಾಪಕ ರಿಚರ್ಡ್ ಡಾಯ್ಲಿ ಕಾರ್ಟ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಹಿಂಜರಿಕೆಯೂ ಇತ್ತು, ಅದು ಹೊಟ್ಟೆಪಾಡಿನದು. ಹಳ್ಳಿಪಟ್ಟಣಗಳ ಧರ್ಮಶ್ರದ್ಧೆಯ ಸಂಘಗಳು ಪಿಯಾನೋ ಹಾಸ್ಯಗಾರನನ್ನು ಕರೆಸುತ್ತಿದ್ದವು, ನಾಟಕದವನನ್ನು ಕರೆಸುತ್ತಿರಲಿಲ್ಲ. ಒಮ್ಮೆ ಬಣ್ಣ ಹಚ್ಚಿದರೆ ಆ ಬಾಗಿಲುಗಳು ಮುಚ್ಚಿಹೋಗಬಹುದು ಎಂಬ ಭಯ.

ಸಂಬಳ ಎಷ್ಟು? ಊಟದ ಕಥೆ ನಿಜವೇ?

ಕಥೆ ಅವನದೇ ಪುಸ್ತಕದಲ್ಲಿದೆ. ವಾರಕ್ಕೆ ಇನ್ನೂ ಮೂರು ಗಿನಿ ಹೆಚ್ಚು ಬೇಕೆಂದು ಕೇಳಿದ. ಕಾರ್ಟ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಊಟಕ್ಕೆ ಕರೆದುಕೊಂಡು ಹೋದ. ಊಟ ಭರ್ಜರಿಯಾಗಿತ್ತು. ಏಳುವ ಹೊತ್ತಿಗೆ ಗ್ರೋಸ್ಮಿತ್ ಆ ಮೂರು ಗಿನಿ ಬಿಟ್ಟುಕೊಟ್ಟಿದ್ದ. ಆ ಒಂದು ಊಟಕ್ಕೆ ತನಗೆ 1,800 ಪೌಂಡ್ ಖರ್ಚಾಯಿತು ಎಂದು ಆಮೇಲೆ ಲೆಕ್ಕ ಹಾಕಿದ್ದಾನೆ. ಲೆಕ್ಕ ಸರಿಯಾಗೇ ಇದೆ: ಗಿನಿಗೆ 21 ಶಿಲಿಂಗ್, ಮೂರು ಗಿನಿ ಎಂದರೆ 3 ಪೌಂಡ್ 3 ಶಿಲಿಂಗ್, 52 ವಾರಕ್ಕೆ 163 ಪೌಂಡ್ 16 ಶಿಲಿಂಗ್, ಪುಸ್ತಕ ಬರೆಯುವಷ್ಟರಲ್ಲಿ ಕಳೆದಿದ್ದ 11 ವರ್ಷಕ್ಕೆ ಗುಣಿಸಿದರೆ 1,801 ಪೌಂಡ್ ಚಿಲ್ಲರೆ.

ಯಾವ ಯಾವ ಪಾತ್ರ ಮಾಡಿದ? ಇಸವಿ ಸಮೇತ ಬೇಕು.

'ದಿ ಸಾರ್ಸರರ್' (1877) ಆಪೆರಾದಲ್ಲಿ ಮಂತ್ರ ಮಾರುವ ಅಂಗಡಿಯವ ಜಾನ್ ವೆಲಿಂಗ್‌ಟನ್ ವೆಲ್ಸ್. 'ಎಚ್.ಎಂ.ಎಸ್. ಪಿನಾಫೋರ್' (1878, 571 ಪ್ರಯೋಗ) ಆಪೆರಾದಲ್ಲಿ ಹಡಗನ್ನೇ ಹತ್ತದೆ ನೌಕಾಪಡೆಯ ಮುಖ್ಯಸ್ಥನಾದ ಸರ್ ಜೋಸೆಫ್ ಪೋರ್ಟರ್. ಪುಸ್ತಕ ವ್ಯಾಪಾರಿ ಡಬ್ಲ್ಯೂ. ಎಚ್. ಸ್ಮಿತ್ ಅದರ ಹಿಂದಿನ ವರ್ಷವಷ್ಟೇ ಆ ಹುದ್ದೆಗೆ ಬಂದಿದ್ದ, ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. 'ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್' (ಲಂಡನ್ನಿನಲ್ಲಿ 1880ರ ಏಪ್ರಿಲ್ 3) ಆಪೆರಾದ ಮೇಜರ್ ಜನರಲ್ ಸ್ಟ್ಯಾನ್ಲಿ. ಇದು ಮೊದಲು ತೆರೆಕಂಡದ್ದು 1879ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ. ಅಲ್ಲಿ ಇವನಿರಲಿಲ್ಲ, ಇದನ್ನೂ ಬಹಳ ಜನ ತಪ್ಪಾಗಿ ಬರೆಯುತ್ತಾರೆ. 'ಪೇಷನ್ಸ್' (1881, 578 ಪ್ರಯೋಗ) ಆಪೆರಾದಲ್ಲಿ ಸೋಗಿನ ಕವಿ ಬನ್‌ಥಾರ್ನ್. ಚಿತ್ರಕಾರ ವಿಸ್ಲರ್‌ನ ಒಂಟಿ ಬಿಳಿ ಕೂದಲೆಳೆ ಮತ್ತು ಒಂಟಿಗಣ್ಣಿನ ಕನ್ನಡಕವನ್ನು ಎರವಲು ತಂದುಕೊಂಡಿದ್ದ. 'ಅಯೊಲಾಂಥಿ' (1882) ಆಪೆರಾದ ಲಾರ್ಡ್ ಚಾನ್ಸಲರ್, 'ಪ್ರಿನ್ಸೆಸ್ ಐಡಾ' (1884) ಆಪೆರಾದ ರಾಜ ಗಾಮಾ, 'ದಿ ಮಿಕಾಡೊ' (1885, 672 ಪ್ರಯೋಗ) ಆಪೆರಾದ ಕೊ-ಕೊ, 'ರಡಿಗೋರ್' (1887) ಆಪೆರಾದ ರಾಬಿನ್ ಓಕ್‌ಆಪಲ್, 'ದಿ ಯೋಮೆನ್ ಆಫ್ ದಿ ಗಾರ್ಡ್' (1888, 423 ಪ್ರಯೋಗ) ಆಪೆರಾದ ವಿದೂಷಕ ಜ್ಯಾಕ್ ಪಾಯಿಂಟ್.

ಪ್ರಯೋಗದ ಸಂಖ್ಯೆ ಆ ನಾಟಕದ್ದು, ಇವನ ಹಾಜರಿಯದಲ್ಲ. ಗಾಮಾ ಬರುವುದು ಒಂದು ಮತ್ತು ಮೂರನೇ ಅಂಕದಲ್ಲಿ ಮಾತ್ರ. ಎರಡನೇ ಅಂಕ ಪೂರ್ತಿ ಗ್ರೋಸ್ಮಿತ್ ವೇಷ ಹಾಕಿಕೊಂಡು ಕೈಕಟ್ಟಿ ಕೂರಬೇಕಾಗಿತ್ತು.

ಮೇಜರ್ ಜನರಲ್‌ನ ಪಟಪಟ ಹಾಡನ್ನು ಅಭ್ಯಾಸ ಮಾಡುವುದು ಹೇಗೆ? ಅರ್ಧದಲ್ಲೇ ಉಸಿರು ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾಟರ್ ಎನ್ನುತ್ತಾರೆ. ಮೊದಲು ಹಾಡಿನ ಕಟ್ಟಡ ನೋಡಿಕೊಳ್ಳಿ. ಸಾಲಿಗೆ 16 ಉಚ್ಚಾರಾಂಶ, ಅದರಲ್ಲಿ 8ಕ್ಕೆ ಒತ್ತು. ಮೂರು ಚರಣ. ಪ್ರತಿ ಚರಣದಲ್ಲೂ ಒಬ್ಬನೇ ಹಾಡುವ ಸಾಲು 12: ಮೊದಲು 8, ಆಮೇಲೆ ಮೇಳ ಎಂಟನೇ ಸಾಲನ್ನು ಹಿಡಿದು ತಿರುಗಿಸುತ್ತದೆ, ಮತ್ತೆ 4, ಮತ್ತೆ ಮೇಳ. ಅಂದರೆ ಒಟ್ಟು 36 ಸಾಲು ನಿಮ್ಮ ಪಾಲಿಗೆ.

ಉಸಿರಿನ ಜಾಗಗಳನ್ನು ಗಿಲ್ಬರ್ಟ್ ಮತ್ತು ಸಲಿವನ್ ಹಾಡಿನೊಳಗೇ ಇಟ್ಟಿದ್ದಾರೆ. ಮೇಳ ಹಾಡುವಾಗ ಒಂದು. ಪ್ರತಿ ಚರಣದ ಏಳನೇ ಸಾಲಾದ ಮೇಲೆ ಜನರಲ್ ಪ್ರಾಸ ಸಿಗದೆ ತಡಕಾಡುತ್ತಾನಲ್ಲ, ಅಲ್ಲಿ ಇನ್ನೊಂದು. ಪ್ರೇಕ್ಷಕರಿಗೆ ಅದು ತಮಾಷೆ, ಹಾಡುವವನಿಗೆ ತುಂಬು ಉಸಿರು ಎಳೆದುಕೊಳ್ಳುವ ಹೊತ್ತು. ಹೊಸಬರು ಈ ತಡಕಾಟವನ್ನು ಬೇಗ ಮುಗಿಸಿಬಿಡುತ್ತಾರೆ, ಆಮೇಲೆ ಎಂಟನೇ ಸಾಲಿನ ನಡುವೆ ಏದುತ್ತಾರೆ.

ಅಭ್ಯಾಸ ಹೀಗೆ ಶುರುಮಾಡಿ. ಶ್ರುತಿ ಬಿಟ್ಟು ಬರೀ ಮಾತಿನಲ್ಲಿ, ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಹಿಡಿಯುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು, ಒಂದು ಟಿಕ್‌ಗೆ ಒಂದು ಒತ್ತಕ್ಷರ ಬೀಳಬೇಕು. ಆಗ ಸಾಲಿಗೆ 8 ಸೆಕೆಂಡು. ಈ ನಿಧಾನದಲ್ಲಿ ಸಾಲಿನ ಕೊನೆಯ ಮೂರು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತಿವೆಯೇ ನೋಡಿ, ಏಕೆಂದರೆ ಪ್ರಾಸ ಕೂತಿರುವುದು ಆ ಮೂರರ ಮೇಲೆ. ಅದು ನುಂಗಿಹೋದರೆ ನಗು ಬರುವುದಿಲ್ಲ. ಸರಿಯಾದ ಮೇಲೆ ನಾಲ್ಕು ನಾಲ್ಕು ಟಿಕ್ ಏರಿಸುತ್ತ ಹೋಗಿ. 120ರಲ್ಲಿ ಸಾಲಿಗೆ 4 ಸೆಕೆಂಡು, 160ರಲ್ಲಿ 3. ಅಲ್ಲಿಂದ ಮುಂದೆ ಹೋಗಬೇಕಾದ ಅಗತ್ಯವಿಲ್ಲ. ಓಟದ ಪಂದ್ಯ ಮಾಡುವವರ ಒಂದು ಮಾತೂ ಹಿಂದಿನ ಸಾಲಿನವರಿಗೆ ತಿಳಿಯುವುದಿಲ್ಲ. ಸ್ವರ ಸೇರಿಸುವುದು 120 ದಾಟಿದ ಮೇಲೆ ಸಾಕು.

ಕೆಡುವುದು ಸಾಮಾನ್ಯವಾಗಿ ಎಲ್ಲಿ? ದವಡೆ ಬಿಗಿಯುವುದರಲ್ಲಿ. ವೇಗ ಏರಿದಂತೆ ದವಡೆಯನ್ನು ಮೇಲೆ ಕೆಳಗೆ ಆಡಿಸುವವರಿಗೆ ಎರಡನೇ ಚರಣಕ್ಕೇ ನೋವು ಬರುತ್ತದೆ. ಕೆಲಸ ನಾಲಗೆಯ ತುದಿ ಮತ್ತು ತುಟಿಯದು. ಎರಡನೆಯದು ನೆನಪು: ಮೂರು ಚರಣಕ್ಕೂ ಒಂದೇ ಮಟ್ಟು, ಎಲ್ಲವೂ ಪಟ್ಟಿಗಳೇ, ಹಾಗಾಗಿ ಒಂದನೇ ಚರಣದಿಂದ ಎರಡಕ್ಕೆ ನಾಲಗೆ ತಾನಾಗಿ ಹಾರುತ್ತದೆ. ಸಾಲುಗಳನ್ನು ಜೋಡಿ ಜೋಡಿಯಾಗಿ, ಪ್ರಾಸದ ಪದಗಳನ್ನು ಮಾತ್ರ ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿದರೆ ಈ ಕಾಟ ತಪ್ಪುತ್ತದೆ. ಮೂರನೆಯದು ಶುರುವಿನ ವೇಗ. ಮೊದಲ ಎರಡು ಸಾಲನ್ನು ಹುಮ್ಮಸ್ಸಿನಲ್ಲಿ ಓಡಿಸಿದರೆ ವಾದ್ಯದವರು ಅದನ್ನೇ ಹಿಡಿಯುತ್ತಾರೆ, ಮತ್ತೆ ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಮೂರನೇ ಚರಣವನ್ನು ನಿಧಾನಕ್ಕೆ ಎತ್ತಿಕೊಂಡು ಕೊನೆಯಲ್ಲಿ ಬಿಡುವ ರೂಢಿ ಇದೆ, ಅದನ್ನು ಪಾಲಿಸಿ.

ಗ್ರೋಸ್ಮಿತ್‌ಗೆ ಇಲ್ಲಿ ನೆರವಾದದ್ದು ಸಲಿವನ್‌ನ ಕೈ. ಪ್ಯಾಟರ್ ನಡೆಯುವಾಗ ವಾದ್ಯಗಳನ್ನು ತೀರ ತೆಳುವಾಗಿ ಇಟ್ಟು, ಮಾತಿಗೆ ದಾರಿ ಬಿಟ್ಟಿರುತ್ತಾನೆ. ನಿಮ್ಮ ಪಿಯಾನೋದವರು ಪೆಡಲ್ ಒತ್ತಿ ಗದ್ದಲ ಮಾಡುತ್ತಿದ್ದರೆ ನಿಲ್ಲಿಸಲು ಹೇಳಿ.

ಮೊದಲ ಪಾತ್ರವಾಗಿ ಯಾವುದನ್ನು ಆರಿಸಬೇಕು?

ಸರ್ ಜೋಸೆಫ್ ಪೋರ್ಟರ್. ಹಾಡು ನಡಿಗೆಯ ಲಯದಲ್ಲಿದೆ, ದನಿಯನ್ನು ಹೆಚ್ಚು ಕೇಳುವುದಿಲ್ಲ. ಲಾರ್ಡ್ ಚಾನ್ಸಲರ್‌ನ ದುಃಸ್ವಪ್ನದ ಹಾಡನ್ನು ಮೊದಲೇ ಮುಟ್ಟಬೇಡಿ. ಅದರಲ್ಲಿ ಉಸಿರಿಗೆ ಮೇಳದ ಆಸರೆ ಇಲ್ಲ.

ಗಿಲ್ಬರ್ಟ್ ನಿಜಕ್ಕೂ ಅಷ್ಟು ಕಟ್ಟುನಿಟ್ಟೇ?

ಹೌದು. ತಾಲೀಮಿಗೆ ಬರುವ ಮೊದಲೇ ಮನೆಯಲ್ಲಿ ರಂಗದ ಚಿಕ್ಕ ಮಾದರಿ ಇಟ್ಟುಕೊಂಡು, ಗಂಡಸರಿಗೆ 3 ಇಂಚು, ಹೆಂಗಸರಿಗೆ ಎರಡೂವರೆ ಇಂಚಿನ ಮರದ ತುಂಡುಗಳನ್ನು ಸರಿಸುತ್ತ ಯಾರು ಯಾವ ಮಾತಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುತ್ತಿದ್ದ. ಸ್ವಂತ ಜೋಕು ಸೇರಿಸುವಂತಿರಲಿಲ್ಲ. 'ಮಿಕಾಡೊ'ದಲ್ಲಿ ಮಂಡಿಯೂರಿದ್ದಾಗ ಸಹನಟಿ ಜೆಸ್ಸಿ ಬಾಂಡ್ ತಳ್ಳಿದಳೆಂದು ಗ್ರೋಸ್ಮಿತ್ ಉರುಳಿಬಿದ್ದ. ಅದನ್ನು ಬಿಟ್ಟುಬಿಡು ಎಂದ ಗಿಲ್ಬರ್ಟ್. ಜನ ಬಿದ್ದು ಬಿದ್ದು ನಗುತ್ತಾರಲ್ಲ ಎಂದರೆ, ನೀನು ಹಂದಿಮಾಂಸದ ಪೈ ಮೇಲೆ ಕೂತರೂ ನಗುತ್ತಾರೆ ಎಂದನಂತೆ. ಇಬ್ಬರಿಗೂ ಇದರಿಂದ ಲಾಭವೇ ಆಯಿತು: ಒಬ್ಬನೇ ಪಿಯಾನೋ ಮುಂದೆ ಕೂತು ಮನಸ್ಸಿಗೆ ಬಂದದ್ದು ಮಾಡಿ ರೂಢಿಯಾಗಿದ್ದವನಿಗೆ ಅಳತೆ ಬಂತು.

ಮೊದಲ ರಾತ್ರಿಗಳಲ್ಲಿ ನಡುಗುತ್ತಿದ್ದನಂತೆ. 1999ರ 'ಟಾಪ್ಸಿ-ಟರ್ವಿ' ಚಲನಚಿತ್ರದಲ್ಲಿ ಮಾದಕದ ಸೂಜಿ ಚುಚ್ಚಿಕೊಳ್ಳುವುದನ್ನೂ ತೋರಿಸಿದ್ದಾರಲ್ಲ?

ನಡುಕ ಖಚಿತ. 1885ರ ಮಾರ್ಚ್ 14ರಂದು 'ಮಿಕಾಡೊ' ತೆರೆಕಂಡ ರಾತ್ರಿ ಎಲ್ಲ ಚೆನ್ನಾಗಿತ್ತು, ಗ್ರೋಸ್ಮಿತ್‌ನ ಹೆದರಿಕೆ ಮಾತ್ರ ನಾಟಕವನ್ನೇ ಕೆಡಿಸುವಂತಿತ್ತು ಎಂದು ಸಲಿವನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಒಬ್ಬನೇ ಪಿಯಾನೋ ನುಡಿಸುವಾಗ ಮರೆತರೆ ಇನ್ನೊಂದು ಹಾಡಿಗೆ ಜಾರಬಹುದು. ಇಲ್ಲಿ ಅಂಥ ಸೌಕರ್ಯವಿಲ್ಲ, ಒಂದು ಪದ ತಪ್ಪಿದರೆ ಮೇಳ, ವಾದ್ಯ ಎಲ್ಲ ಕಾಯುತ್ತ ನಿಲ್ಲುತ್ತವೆ. ಸೂಜಿಯ ಮಾತು ಹಿಂದಿನಿಂದ ಹರಿದುಬಂದದ್ದು, ಅದಕ್ಕೆ ಚಿತ್ರದಲ್ಲಿ ಕೊಟ್ಟಷ್ಟು ತೂಕ ಕೊಡಬೇಕಾಗಿಲ್ಲ.

ಆರೋಗ್ಯವೂ ಗಟ್ಟಿಯಲ್ಲ. 1887ರ ಜನವರಿ 22ರಂದು 'ರಡಿಗೋರ್' ಶುರುವಾಗಿ ವಾರ ಕಳೆಯುವಷ್ಟರಲ್ಲಿ ಹಾಸಿಗೆ ಹಿಡಿದ. ಬದಲಿಗೆ ರಂಗಕ್ಕೆ ಇಳಿದವನು ಹೆನ್ರಿ ಲಿಟನ್ ಎಂಬ ಹುಡುಗ. ಮುಂದೆ ದಶಕಗಳ ಕಾಲ ಗ್ರೋಸ್ಮಿತ್ ಪಾತ್ರಗಳೆಲ್ಲ ಅವನವೇ ಆದವು.

ಜ್ಯಾಕ್ ಪಾಯಿಂಟ್ ಕೊನೆಯಲ್ಲಿ ಸಾಯುತ್ತಾನೋ ಇಲ್ಲವೋ?

ಪಠ್ಯದಲ್ಲಿ ಇರುವುದು 'ಪ್ರಜ್ಞೆ ತಪ್ಪಿ ಬೀಳುತ್ತಾನೆ' ಎಂದಷ್ಟೇ. ಗ್ರೋಸ್ಮಿತ್ ಬಿದ್ದಾಗ ಜನಕ್ಕೆ ಅವನು ಕಂಡದ್ದು ಹಾಸ್ಯಗಾರನಾಗಿಯೇ. ಎದೆ ಒಡೆದು ಸಾಯುವ ಕೊನೆ ಬೇರೆ ಊರುಗಳಲ್ಲಿ ಸುತ್ತುತ್ತಿದ್ದ ತಂಡಗಳಲ್ಲಿ ಬೆಳೆಯಿತು. ಆ ತಂಡಗಳ ನಟರಾದ ಜಾರ್ಜ್ ಥಾರ್ನ್, ಹೆನ್ರಿ ಲಿಟನ್ ಇಬ್ಬರೂ ಅದು ತಮ್ಮದೆಂದು ಹೇಳಿಕೊಂಡರು. ಪಠ್ಯ ಎರಡಕ್ಕೂ ಜಾಗ ಕೊಡುತ್ತದೆ. ಆದರೆ ಸಾಯುವುದಿದ್ದರೆ ಎರಡನೇ ಅಂಕದ ಮೊದಲಿನಿಂದಲೇ ಅದಕ್ಕೆ ಬೇಕಾದ ಬೇಸರ ಒಳಗೆ ತುಂಬುತ್ತ ಬರಬೇಕು, ಕೊನೆಯ ನಿಮಿಷದಲ್ಲಿ ಸತ್ತರೆ ನಂಬುವುದು ಕಷ್ಟ.

ಅಷ್ಟು ಯಶಸ್ಸಿದ್ದೂ 1889ರಲ್ಲಿ ಕಂಪನಿ ಬಿಟ್ಟದ್ದೇಕೆ?

ದುಡ್ಡು ಮತ್ತು ಸ್ವಾತಂತ್ರ್ಯ. ಸವಾಯ್‌ನಲ್ಲಿದ್ದಾಗಲೂ ಅವನು ಶ್ರೀಮಂತರ ಮನೆಗಳಲ್ಲಿ ಪಿಯಾನೋ ಕಾರ್ಯಕ್ರಮ ಕೊಡುವುದನ್ನು ಬಿಟ್ಟಿರಲಿಲ್ಲ. 1889ರ ಆಗಸ್ಟಿನಲ್ಲಿ ಹೊರಬಿದ್ದ. ಆ ಡಿಸೆಂಬರಿನಲ್ಲಿ ಬಂದ 'ದಿ ಗಾಂಡೊಲಿಯರ್ಸ್' ಆಪೆರಾದಲ್ಲಿ ಅವನಿಲ್ಲ. ಮುಂದಿನ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬ್ರಿಟನ್, ಐರ್ಲೆಂಡ್ ಸುತ್ತಿದ, ಪ್ರಯಾಣ ಎಂದರೆ ಆಗದಿದ್ದರೂ ಐದು ಬಾರಿ ಉತ್ತರ ಅಮೆರಿಕಕ್ಕೆ ಹೋಗಿಬಂದ. ಸಂಪಾದನೆ ಸವಾಯ್ ಸಂಬಳವನ್ನು ಎಲ್ಲೋ ದಾಟಿತು. 1890ರಲ್ಲಿ ಬಾಲ್ಮೊರಲ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಎದುರೂ ನುಡಿಸಿದ.

ಆ ಒಂಟಿ ಕಾರ್ಯಕ್ರಮದಲ್ಲಿ ಏನಿರುತ್ತಿತ್ತು?

ನಮ್ಮ ಹರಿಕಥೆ ದಾಸರಂತೆ ಒಬ್ಬನೇ ಮಾತು, ಒಬ್ಬನೇ ಹಾಡು, ಹತ್ತು ಜನರ ದನಿ. ಭಕ್ತಿಯ ಜಾಗದಲ್ಲಿ ಗೇಲಿ. ಪಿಯಾನೋ ಪಕ್ಕಕ್ಕೆ ತಿರುಗಿ ಕೂತು, ಪಾರ್ಟಿಗಳಲ್ಲಿ ಹಾಡಲು ಒತ್ತಾಯ ಮಾಡಿಸಿಕೊಳ್ಳುವ ಹೆಂಗಸರು, ಸಂಗೀತ ನಡೆಯುವಾಗ ಹರಟೆ ಹೊಡೆಯುವ ಅತಿಥಿಗಳು, ನೃತ್ಯದಲ್ಲಿ ಕಾಲು ತುಳಿಯುವವರು ಇವರನ್ನೆಲ್ಲ ಎಳೆದು ತರುತ್ತಿದ್ದ. ಬರವಣಿಗೆ, ಸಂಗೀತ ಎರಡೂ ಅವನವೇ. ಬದುಕಿನುದ್ದಕ್ಕೂ ಬರೆದದ್ದು ಸುಮಾರು 600 ಹಾಡು ಮತ್ತು ಪಿಯಾನೋ ತುಣುಕು, ನೂರಕ್ಕೆ ಹತ್ತಿರ ಇಂಥ ಪ್ರಸಂಗಗಳು, 18 ಹಾಸ್ಯ ಆಪೆರಾ. ಅದರಲ್ಲಿ 'ಕಪ್ಸ್ ಅಂಡ್ ಸಾಸರ್ಸ್' ಎಂಬ ಪುಟ್ಟ ಆಪೆರಾ ಬೆರಳೆಣಿಕೆಯ ಜನ ಆಡುವಂಥದು. 'ಪಿನಾಫೋರ್' ಜೊತೆಗೆ ಅದೇ ರಂಗದ ಮೇಲೆ ಆಡಿದ್ದರು. ಚಿಕ್ಕ ತಂಡಗಳಿಗೆ ಈಗಲೂ ಒದಗುತ್ತದೆ.

ಮತ್ತೆ ರಂಗಕ್ಕೆ ಬರಲೇ ಇಲ್ಲವೇ?

ಬಂದ. 1894ರಲ್ಲಿ ಗಿಲ್ಬರ್ಟ್ ಬರೆದ 'ಹಿಸ್ ಎಕ್ಸಲೆನ್ಸಿ'ಯಲ್ಲಿ ಆಡಿದ, ಅದು ಪರವಾಗಿಲ್ಲ ಎನ್ನುವಷ್ಟು ನಡೆಯಿತು. 1897ರಲ್ಲಿ ಸವಾಯ್‌ಗೇ ಮರಳಿ 'ಹಿಸ್ ಮೆಜೆಸ್ಟಿ'ಯಲ್ಲಿ ರಾಜನಾದ. ಮಾತು ಮರೆಯುವುದು, ಆರೋಗ್ಯ ಕೈಕೊಡುವುದು ಎರಡೂ ಸೇರಿ ಕೆಲವೇ ರಾತ್ರಿಗಳಲ್ಲಿ ಬಿಟ್ಟ.

ಗಾಯಕನಾಗಿ ಅಲ್ಲ, ಲೇಖಕನಾಗಿ ಇವನ ಹೆಸರು ಕೇಳಿದ್ದೇನೆ. ಅದೇ ವ್ಯಕ್ತಿಯೇ?

ಅದೇ ವ್ಯಕ್ತಿ. 'ದಿ ಡೈರಿ ಆಫ್ ಎ ನೋಬಡಿ' 1888–89ರಲ್ಲಿ 'ಪಂಚ್' ಎಂಬ ಹಾಸ್ಯ ಪತ್ರಿಕೆಯಲ್ಲಿ ಬಂತು, 1892ರಲ್ಲಿ ಪುಸ್ತಕವಾಯಿತು. ತಮ್ಮ ವೀಡನ್ ಸಹಲೇಖಕ, ಚಿತ್ರಗಳೂ ಅವನವೇ. ಲಂಡನ್ನಿನ ಗುಮಾಸ್ತ ಪೂಟರ್‌ನ ದಿನಚರಿ ಅದು. ಅದರ ಕಂತುಗಳು ಪತ್ರಿಕೆಯಲ್ಲಿ ಬರುತ್ತಿದ್ದಾಗಲೇ ಅಣ್ಣ ರಾತ್ರಿ ಜ್ಯಾಕ್ ಪಾಯಿಂಟ್ ಆಗಿ ಹಾಡುತ್ತಿದ್ದ ಎಂಬುದು ಓದುಗರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಅವನ ದನಿ ಎಲ್ಲಾದರೂ ಕೇಳಲು ಸಿಗುತ್ತದೆಯೇ?

ಇಲ್ಲ. ಜೊತೆಯವರಲ್ಲಿ ರಿಚರ್ಡ್ ಟೆಂಪಲ್, ಕೋರ್ಟಿಸ್ ಪೌಂಡ್ಸ್ ಮುದ್ರಿಕೆಗಳಿವೆ, ಸವಾಯ್ ಉಚ್ಚಾರಣೆಯ ಅಂದಾಜು ಅವುಗಳಿಂದ ಸಿಗುತ್ತದೆ. ಗ್ರೋಸ್ಮಿತ್ ಎಂದು ಯಾವುದಾದರೂ ಹಳೆಯ ರೆಕಾರ್ಡ್ ಮಾರಾಟಕ್ಕೆ ಬಂದರೆ ಅದು ಮಗನದು ಎಂದುಕೊಂಡೇ ನೋಡಿ.

ಈ ಆಪೆರಾಗಳನ್ನು ನಮ್ಮ ಕಾಲೇಜು, ಸಂಘಗಳಲ್ಲಿ ಆಡಲು ಅನುಮತಿ ಬೇಕೇ?

ಮೂಲ ಪಠ್ಯಕ್ಕೂ ಸಂಗೀತಕ್ಕೂ ಬೇಡ. ಸಲಿವನ್ ತೀರಿಕೊಂಡದ್ದು 1900ರಲ್ಲಿ, ಗಿಲ್ಬರ್ಟ್ 1911ರಲ್ಲಿ. ಬ್ರಿಟನ್ನಿನಲ್ಲಿ ಗಿಲ್ಬರ್ಟನ ಹಕ್ಕು 1961ರ ಕೊನೆಗೆ ಮುಗಿಯಿತು. ಈಚಿನವರು ಸಂಪಾದಿಸಿದ ಸ್ವರಪುಸ್ತಕ ಅಥವಾ ಹೊಸ ವಾದ್ಯವಿನ್ಯಾಸ ಬಳಸಿದರೆ ಮಾತ್ರ ಆ ಪ್ರಕಾಶಕರನ್ನು ಕೇಳಬೇಕು.

ಲಂಡನ್ನಿಗೆ ಹೋದರೆ ಏನು ನೋಡಬಹುದು?

'ಸಾರ್ಸರರ್', 'ಪಿನಾಫೋರ್' ಆಡಿದ ಆಪೆರಾ ಕಾಮಿಕ್ ಥಿಯೇಟರ್ ಈಗಿಲ್ಲ, ಕಿಂಗ್ಸ್‌ವೇ ಮತ್ತು ಆಲ್ಡ್‌ವಿಚ್ ರಸ್ತೆ ಮಾಡುವಾಗ ಕೆಡವಿದರು. ಸ್ಟ್ರಾಂಡ್‌ನಲ್ಲಿ ಸವಾಯ್ ಥಿಯೇಟರ್ ಇದೆ. 1881ರ ಅಕ್ಟೋಬರ್ 10ರಂದು ತೆರೆದಾಗ ಸುಮಾರು 1,200 ವಿದ್ಯುದ್ದೀಪ ಹಾಕಿದ್ದರು, ಪೂರ್ತಿ ವಿದ್ಯುತ್ತಿನಿಂದ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡ ಎಂಬ ಹೆಸರು ಅದಕ್ಕಿದೆ. ಆದರೆ ಒಳಗಿನದು ಗ್ರೋಸ್ಮಿತ್ ಕಂಡ ಸಭಾಂಗಣವಲ್ಲ: 1929ರಲ್ಲಿ ಹೊಸದಾಗಿ ಕಟ್ಟಿದ್ದು, 1990ರಲ್ಲಿ ಸುಟ್ಟುಹೋಗಿ 1993ರಲ್ಲಿ ಮತ್ತೆ ತೆರೆಯಿತು. ಅಲ್ಲಿಂದ ನದಿಯ ಕಡೆಗೆ ನಡೆದರೆ ಎಂಬ್ಯಾಂಕ್‌ಮೆಂಟ್ ತೋಟದಲ್ಲಿ ಸಲಿವನ್ ಸ್ಮಾರಕ. ಗ್ರೋಸ್ಮಿತ್ ಇದ್ದ ಮನೆ ಮ್ಯಾರಿಲ್‌ಬೋನ್‌ನ 28, ಡಾರ್ಸೆಟ್ ಸ್ಕ್ವೇರ್. ಗೋಡೆಯ ಮೇಲೆ ಫಲಕವಿದೆ, ಒಳಗೆ ಪ್ರವೇಶವಿಲ್ಲ. ಸಮಾಧಿ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಸ್ಮಶಾನ ಬಹಳ ದೊಡ್ಡದು, ಹೋಗುವ ಮುಂಚೆ ಕಚೇರಿಯಲ್ಲಿ ಸಾಲು ಕೇಳಿಕೊಳ್ಳಿ.